ಶಾಲೆ ತೆರೆಯುವ ಮುನ್ನ: ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ 10ರ ಹೊತ್ತಿಗೆ ಪ್ರಗತಿ ಪತ್ರ ಹಂಚಿ, ಕೋಣೆಗಳಿಗೆ ಬೀಗ ಹಾಕಿ ಹೊರಟರೆ ನಮ್ಮ ಸರ್ಕಾರಿ ಶಾಲೆಗಳ ಬಾಗಿಲು ಮತ್ತೆ ತೆರೆಯುವುದು ಸಾಮಾನ್ಯವಾಗಿ ಮೇ ಕೊನೆಯ ವಾರದಲ್ಲಿ. ಆ ವಾರ ಹೇಗಿರುತ್ತದೆಂದು ಶಿಕ್ಷಕರಾದ ನಿಮಗೆ ಹೇಳಬೇಕಾಗಿಲ್ಲ. ಪ್ರಾರಂಭೋತ್ಸವಕ್ಕೆ ತೋರಣ ಕಟ್ಟಬೇಕು, ಪಠ್ಯಪುಸ್ತಕದ ಗಂಟು ತರಬೇಕು, ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬಬೇಕು, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದ ಮಾಹಿತಿಯನ್ನು ಆ ಸಂಜೆಯೇ ಕಳುಹಿಸಬೇಕು. ಇಷ್ಟೆಲ್ಲ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಜೂನ್ ಅರ್ಧ ಕಳೆದಿರುತ್ತದೆ. ಆದರೆ ಮಕ್ಕಳ ಬಗ್ಗೆ ನಾವಿನ್ನೂ ಏನನ್ನೂ ತಿಳಿದಿರುವುದಿಲ್ಲ.

ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಇರುವುದು ಐದು ತರಗತಿ, ಇಬ್ಬರು ಶಿಕ್ಷಕರು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು, ಹಾಗಾಗಿ ನಮ್ಮಲ್ಲಿ ಬಹಳಷ್ಟು ಶಾಲೆಗಳ ಸ್ಥಿತಿ ಇದೇ. ಅದೇ ಕಾಯ್ದೆ ಶಿಕ್ಷಕರಿಗೆ ವಾರಕ್ಕೆ 45 ಗಂಟೆಗಳ ಕೆಲಸವನ್ನು ಹೇಳುವಾಗ ಸಿದ್ಧತೆಯ ಸಮಯವನ್ನೂ ಅದರಲ್ಲಿ ಸೇರಿಸಿದೆ. ಸಿದ್ಧತೆಯೂ ಪಾಠದಷ್ಟೇ ನಮ್ಮ ಕೆಲಸ. ಆ ಸಿದ್ಧತೆಯ ಮೊದಲ ಪಾಲು ಮಕ್ಕಳನ್ನು ತಿಳಿಯುವುದಕ್ಕೆ ಸಲ್ಲಬೇಕು, ಗೋಡೆ ಮತ್ತು ಕಡತಗಳು ಆಮೇಲೆ ಬರಲಿ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಕೆಳಗಿನ ಹೆಜ್ಜೆಗಳ ಕ್ರಮವೂ ಅದಕ್ಕೆ ತಕ್ಕಂತೆಯೇ ಇದೆ.

ಹೆಜ್ಜೆ 1: ಹಳೆಯ ಹಾಜರಿ ಪುಸ್ತಕ ತೆರೆಯಿರಿ

ಶಾಲೆ ತೆರೆಯಲು ಒಂದು ವಾರ ಇರುವಾಗ ಹೋದ ವರ್ಷದ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ನಿಮ್ಮ ಕೈಗೆ ಬರಲಿರುವ ಪ್ರತಿಯೊಂದು ಮಗುವಿನ ಸಾಲನ್ನು ಜೂನ್‌ನಿಂದ ಏಪ್ರಿಲ್‌ವರೆಗೆ ಬೆರಳಿಟ್ಟು ಓದಿ. ತಿಂಗಳ ಕೊನೆಯ ಮೊತ್ತವನ್ನಷ್ಟೇ ನೋಡಿ ಮುಂದೆ ಹೋದರೆ ಏನೂ ತಿಳಿಯುವುದಿಲ್ಲ. ಗೈರುಹಾಜರಿ ಯಾವ ಆಕಾರದಲ್ಲಿದೆ ಎಂಬುದನ್ನು ಗಮನಿಸಬೇಕು.

ಪ್ರತಿ ಸೋಮವಾರ ತಪ್ಪಿಸುವ ಮಗುವಿದೆಯೇ? ಊರಿನ ಸಂತೆ ಅಂದೇ ಇದ್ದು, ತಂಗಿಯನ್ನು ನೋಡಿಕೊಳ್ಳಲು ಅದು ಮನೆಯಲ್ಲಿ ಉಳಿದಿರಬಹುದು. ದೀಪಾವಳಿಯ ನಂತರ ಮಾಯವಾಗಿ ಮಾರ್ಚ್‌ನಲ್ಲಿ ಮರಳಿದ ಮಗುವಿದೆಯೇ? ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬವಿರಬಹುದು. ಕೊಡಗು, ಚಿಕ್ಕಮಗಳೂರಿನ ತೋಟದ ಸೀಮೆಯಲ್ಲಿ ಇದೇ ಚಿತ್ರ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಾಣುತ್ತದೆ: ಕೆಲವು ಮಕ್ಕಳು ಹೊರಟು ಹೋಗುತ್ತಾರೆ, ಬೇರೆ ಊರಿನ ಕೆಲವರು ನಡುವರ್ಷದಲ್ಲಿ ಬಂದು ಸೇರುತ್ತಾರೆ. ಇಂಥದ್ದೇ ದಿನವೆಂದಿಲ್ಲದೆ ವಾರಕ್ಕೊಂದು ದಿನ ತಪ್ಪಿಸುವ ಮಗುವಿಗೆ ಕಾಯಿಲೆಯೋ ಶಾಲೆಯ ಭಯವೋ ಇರಬಹುದು.

ಒಂದು ಸಾದಾ ನೋಟ್‌ಪುಸ್ತಕದಲ್ಲಿ ಮಗುವಿಗೊಂದು ಪುಟ ಬಿಡಿ. ಮೇಲೆ ಹೆಸರು, ಕೆಳಗೆ ಹಾಜರಿ ಪುಸ್ತಕ ಹೇಳಿದ ಒಂದು ಸಾಲು. ಯಾವ ಅಧಿಕಾರಿಯೂ ಕೇಳದ ಪುಸ್ತಕವಿದು. ವರ್ಷವಿಡೀ ನಿಮ್ಮ ಚೀಲದಲ್ಲಿರಲಿ.

ಹೆಜ್ಜೆ 2: ಹಿಂದೆ ಪಾಠ ಮಾಡಿದವರನ್ನು ಕೇಳಿ

ಒಂದು ವರ್ಷ ನಾನು ನಾಲ್ಕನೆಯ ತರಗತಿಯನ್ನು ಹೊಸದಾಗಿ ವಹಿಸಿಕೊಂಡೆ. ರಜೆಯ ಕೊನೆಯ ನಾಲ್ಕು ದಿನ ಕೂತು ಬಣ್ಣದ ಚಾರ್ಟುಗಳನ್ನು ಬರೆದೆ, ಗೋಡೆ ತುಂಬಿಸಿದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ ಬೋರ್ಡಿನ ಮೇಲಿದ್ದದ್ದನ್ನು ಎಂದೂ ಸರಿಯಾಗಿ ಬರೆದುಕೊಳ್ಳುತ್ತಿರಲಿಲ್ಲ. ಸೋಮಾರಿ ಎಂದುಕೊಂಡೆ, ಒಂದೆರಡು ಸಲ ಗದರಿಸಿದ್ದೂ ಉಂಟು. ಅವಳಿಗೆ ದೂರದ ಅಕ್ಷರ ಕಾಣುವುದಿಲ್ಲ ಎಂದು ತಿಳಿದದ್ದು ಆಗಸ್ಟ್‌ನಲ್ಲಿ, ಅದೂ ಪಕ್ಕದಲ್ಲಿ ಕೂರುವ ಹುಡುಗಿಯ ಬಾಯಿಂದ: ‘ಅವಳು ನನ್ನದು ನೋಡಿಯೇ ಬರೆಯುವುದು ಟೀಚರ್, ಹೋದ ವರ್ಷವೂ ಹಾಗೇ.’ ಹಿಂದಿನ ವರ್ಷ ಪಾಠ ಮಾಡಿದ್ದವರಿಗೆ ಈ ವಿಷಯ ಗೊತ್ತಿತ್ತು. ವರ್ಗಾವಣೆಯಾಗಿ ಬೇರೆ ಊರಿಗೆ ಹೋಗಿದ್ದ ಅವರಿಗೆ ನಾನು ಒಂದು ಫೋನ್ ಮಾಡಿರಲಿಲ್ಲ, ಅಷ್ಟೇ. ಆ ಎರಡೂವರೆ ತಿಂಗಳು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಆದ್ದರಿಂದ ಫೋನ್ ಮಾಡಿ. ‘ಮಕ್ಕಳು ಹೇಗಿದ್ದಾರೆ?’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ. ಹೆಸರು ಹಿಡಿದು ಕೇಳಿ. ಕಣ್ಣು, ಕಿವಿ, ಮೂರ್ಛೆ, ಉಬ್ಬಸದ ತೊಂದರೆ ಯಾರಿಗಿದೆ? ಯಾರ ಮನೆಯಲ್ಲಿ ಯಾವ ಭಾಷೆ? ಯಾರನ್ನು ಯಾರ ಪಕ್ಕದಲ್ಲಿ ಕೂರಿಸಬಾರದು? ಯಾವ ಮಗುವಿನ ಮನೆಯಲ್ಲಿ ಕಳೆದ ವರ್ಷ ಸಾವು ಸಂಭವಿಸಿತು? ಈ ಕೊನೆಯ ಪ್ರಶ್ನೆಯನ್ನು ಕೇಳಲು ಮುಜುಗರವಾಗುತ್ತದೆ, ಆದರೂ ಬಿಡಬೇಡಿ. ‘ನನ್ನ ಅಪ್ಪ’ ಎಂದು ನಾಲ್ಕು ಸಾಲು ಬರೆಯಲು ಹೇಳುವ ಮೊದಲು ಅದು ನಿಮಗೆ ಗೊತ್ತಿರಬೇಕು.

ಒಂದು ಎಚ್ಚರಿಕೆಯ ಮಾತು. ‘ಅವನು ತುಂಬಾ ತಂಟೆ, ಅವಳಿಗೆ ತಲೆಗೆ ಹತ್ತುವುದಿಲ್ಲ’ ಎಂಬ ಮಾತುಗಳನ್ನು ಕಿವಿಯಲ್ಲಿ ಕೇಳಿ ಅಲ್ಲಿಯೇ ಬಿಡಿ. ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬೇಡಿ.

ಹೆಜ್ಜೆ 3: ಬೀಗ ತೆಗೆದ ದಿನದ ಕೆಲಸ

ಐವತ್ತು ದಿನ ಮುಚ್ಚಿದ್ದ ಕೋಣೆಗೆ ಮಕ್ಕಳನ್ನು ನೇರವಾಗಿ ಬಿಡಬಾರದು. ಹಳೆಯ ಪುಸ್ತಕದ ರಾಶಿ, ಮೂಲೆಯ ಚಾಪೆ, ಬೀರುವಿನ ಹಿಂಭಾಗದಲ್ಲಿ ಚೇಳು, ಹಾವು ಸೇರಿರುವುದು ಹಳ್ಳಿ ಶಾಲೆಗಳಲ್ಲಿ ಅಪರೂಪವಲ್ಲ. ದೊಡ್ಡವರೇ ಕೋಲು ಹಿಡಿದು ಸರಿಸಿ ನೋಡಬೇಕು. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಬೇಡಿ.

ನೀರಿನ ಟ್ಯಾಂಕನ್ನು ಖಾಲಿ ಮಾಡಿ, ಉಜ್ಜಿ ತೊಳೆಸಿ. ಶೌಚಾಲಯದಲ್ಲಿ ನೀರು ಬರುತ್ತದೆಯೇ, ಬಾಗಿಲಿನ ಚಿಲಕ ಒಳಗಿನಿಂದ ಬೀಳುತ್ತದೆಯೇ ನೋಡಿ. ಚಿಲಕವಿಲ್ಲದ ಶೌಚಾಲಯಕ್ಕೆ ಹೋಗಲು ಹೆದರಿ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ ಇರುತ್ತಾರೆ. ನೂರು ರೂಪಾಯಿಯೊಳಗೆ ಮುಗಿಯುವ ಈ ಕೆಲಸವನ್ನು ಅನುದಾನ ಬರಲಿ ಎಂದು ತಡೆಯಬೇಡಿ. ಬಿಸಿಯೂಟದ ಕೋಣೆಯಲ್ಲಿ ಉಳಿದ ಅಕ್ಕಿ, ಬೇಳೆಗೆ ಹುಳು ಬಿದ್ದಿದೆಯೇ, ಸಿಲಿಂಡರಿನ ರಬ್ಬರ್ ಪೈಪು ಬಿರುಕು ಬಿಟ್ಟಿದೆಯೇ, ಕುಕ್ಕರಿನ ಗ್ಯಾಸ್ಕೆಟ್ ಸರಿಯಿದೆಯೇ ಎಂದು ಅಡುಗೆಯವರ ಜೊತೆ ನಿಂತು ನೋಡಿ. ಮೊದಲ ದಿನದ ಊಟಕ್ಕೆ ಸಿಹಿ ಮಾಡುವುದಾದರೆ ಬೆಲ್ಲವನ್ನು ಹಿಂದಿನ ದಿನವೇ ತರಿಸಿಡಿ. ಇನ್ನು ಬೆಂಚು, ಕಿಟಕಿ, ಬೋರ್ಡಿಗೆ ಬಣ್ಣ ಇವೆಲ್ಲ ಅರ್ಧ ದಿನದ ಕೆಲಸ.

ಹೆಜ್ಜೆ 4: ದಾಖಲಾತಿ ಮತ್ತು ಹೆಸರಿನ ಕಾಗುಣಿತ

ಒಂದನೆಯ ತರಗತಿಗೆ ಬರಬೇಕಾದ ಮಕ್ಕಳ ಪಟ್ಟಿ ಅಂಗನವಾಡಿ ಕಾರ್ಯಕರ್ತೆಯ ಬಳಿ ಇರುತ್ತದೆ. ಅವರನ್ನು ಜೊತೆಗೆ ಕರೆದುಕೊಂಡೇ ಮನೆಗಳಿಗೆ ಹೋಗಿ, ತಾಯಂದಿರು ಅವರ ಮಾತನ್ನು ನಂಬುತ್ತಾರೆ. ವಯಸ್ಸಿನ ದಾಖಲೆ ಅಥವಾ ವರ್ಗಾವಣೆ ಪತ್ರ ಇಲ್ಲವೆಂಬ ಕಾರಣಕ್ಕೆ ಮಗುವನ್ನು ಸೇರಿಸಿಕೊಳ್ಳದೆ ಕಳುಹಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಮೊದಲು ಮಗು ಒಳಗೆ ಬರಲಿ, ಕಾಗದ ಹಿಂದಿನಿಂದ ಬರುತ್ತದೆ.

ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆಯುವಾಗ ಮಾತ್ರ ಅವಸರ ಬೇಡ. ಇಲ್ಲಿ ಬರೆದ ಕಾಗುಣಿತ, ಇನಿಷಿಯಲ್, ಹುಟ್ಟಿದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೆ ಹಾಗೆಯೇ ನಡೆದುಕೊಂಡು ಹೋಗುತ್ತದೆ. ‘ಶ’ ಬರೆಯಬೇಕಾದಲ್ಲಿ ‘ಸ’ ಬಿದ್ದರೆ, ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಆದರೆ, ಆ ಮಗು ಮುಂದೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಬರೆದ ಮೇಲೆ ತಂದೆ ತಾಯಿಗೆ ಗಟ್ಟಿಯಾಗಿ ಓದಿ ಹೇಳಿ. ಓದು ಬಾರದವರು ಎಂದು ತಿಳಿದರೆ ಎರಡು ಸಲ ಓದಿ ಹೇಳಿ.

ಹಾಗೆಯೇ, ಐದನೆಯ ತರಗತಿ ಮುಗಿಸಿ ಹೊರಹೋದ ಮಕ್ಕಳನ್ನೂ ಮರೆಯಬೇಡಿ. ವರ್ಗಾವಣೆ ಪತ್ರ ಕೊಟ್ಟ ಕೂಡಲೇ ನಮ್ಮ ಹೊಣೆ ಮುಗಿಯಿತೆಂದು ನನಗೆ ಅನಿಸುವುದಿಲ್ಲ. ಪಕ್ಕದೂರಿನ ಆರನೆಯ ತರಗತಿಗೆ ಅವರು ನಿಜವಾಗಿ ಸೇರಿದ್ದಾರೆಯೇ ಎಂದು ಜೂನ್ ಎರಡನೆಯ ವಾರದಲ್ಲಿ ಆ ಶಾಲೆಗೆ ಒಂದು ಕರೆ ಮಾಡಿ ಕೇಳಿ.

ಹೆಜ್ಜೆ 5: ವರ್ಷದ ದಿನಗಳನ್ನು ಪ್ರಾಮಾಣಿಕವಾಗಿ ಎಣಿಸಿ

ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು, 800 ಬೋಧನಾ ಗಂಟೆಗಳು ಆಗಬೇಕೆಂದು ಕಾಯ್ದೆ ಹೇಳುತ್ತದೆ. ಪಾಠಗಳ ಸಂಖ್ಯೆಯನ್ನು ಈ ದಿನಗಳಿಂದ ಭಾಗಿಸಿ ವಾರ್ಷಿಕ ಪಾಠ ಹಂಚಿಕೆ ಬರೆದರೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವಿನ), ಎರಡು ಸಂಕಲನಾತ್ಮಕ (ಅರ್ಧವರ್ಷದ ಕೊನೆಯ) ಮೌಲ್ಯಮಾಪನಗಳು, ಪ್ರತಿಭಾ ಕಾರಂಜಿಯ ಸ್ಪರ್ಧೆಗಳು, ಕ್ರೀಡಾಕೂಟ, ತರಬೇತಿ, ಸಮೀಕ್ಷೆ, ಚುನಾವಣಾ ಕೆಲಸ ಇವೆಲ್ಲವೂ ಆ ದಿನಗಳಿಂದಲೇ ಕಳೆಯುತ್ತವೆ.

ಅದಕ್ಕೆ ನಾನು ಅನುಸರಿಸುವ ಕ್ರಮ ಹೀಗೆ: ಗೋಡೆ ಕ್ಯಾಲೆಂಡರ್ ಒಂದನ್ನು ತೆಗೆದುಕೊಂಡು ಇಲಾಖೆಯ ರಜೆಗಳನ್ನು ಮೊದಲು ಹೊಡೆದು ಹಾಕುತ್ತೇನೆ. ನಂತರ ಊರಿನ ದಿನಗಳು. ಉತ್ತರ ಕರ್ನಾಟಕದಲ್ಲಾದರೆ ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಎಳ್ಳಮಾವಾಸ್ಯೆ. ಸವದತ್ತಿಯ ಸುತ್ತಮುತ್ತ ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳು. ಮಲೆನಾಡು, ಕರಾವಳಿಯಲ್ಲಾದರೆ ಜುಲೈ ಮಳೆಗೆ ಕೊಡುವ ರಜೆಗಳು. ಊರ ಜಾತ್ರೆಯ ದಿನ ಶಾಲೆ ತೆರೆದಿದ್ದರೂ ಮಕ್ಕಳು ಬರುವುದಿಲ್ಲ, ಅಂದು ಹೊಸ ಪಾಠ ಇಟ್ಟುಕೊಂಡು ಕೊರಗುವುದು ವ್ಯರ್ಥ. ಉಳಿದ ವಾರಗಳಲ್ಲಿ ಐದು ವಾರಕ್ಕೆ ಪಾಠ ಹಂಚಿ ಆರನೆಯದನ್ನು ಖಾಲಿ ಬಿಡುತ್ತೇನೆ. ಆ ಖಾಲಿ ವಾರ ಎಂದೂ ಖಾಲಿಯಾಗಿ ಉಳಿದದ್ದಿಲ್ಲ. ಹಿಂದುಳಿದ ಪಾಠ, ತಿರುಗಿ ಕಲಿಸಬೇಕಾದ ಗುಣಾಕಾರ, ಗೈರಾಗಿದ್ದವರ ಕೆಲಸ ಎಲ್ಲವೂ ಅಲ್ಲಿಗೆ ಬಂದು ತುಂಬುತ್ತವೆ.

ಪಾಠಗಳ ಕ್ರಮವನ್ನು ಋತುವಿಗೆ ಹೊಂದಿಸಲು ಸಾಧ್ಯವಾದರೆ ಹೊಂದಿಸಿ. ಪರಿಸರ ಅಧ್ಯಯನದಲ್ಲಿ ಬೀಜ, ಸಸ್ಯಗಳ ಪಾಠ ಮುಂಗಾರಿನ ಬಿತ್ತನೆಯ ಹೊತ್ತಿಗೆ ಬಂದರೆ ಮಕ್ಕಳೇ ಮನೆಯಿಂದ ಹೆಸರು, ತೊಗರಿ, ರಾಗಿ ತರುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಮಣ್ಣಿನ ಬಗ್ಗೆ ಮಾತನಾಡಿ ನೋಡಿ, ನಿಮಗಿಂತ ಹೆಚ್ಚು ಅವರೇ ಹೇಳುತ್ತಾರೆ.

ಹೆಜ್ಜೆ 6: ಒಂದೇ ಕೋಣೆ, ಎರಡು ತರಗತಿ

ಇಬ್ಬರೇ ಶಿಕ್ಷಕರಿರುವಲ್ಲಿ ಒಬ್ಬರು ಒಂದರಿಂದ ಮೂರರ ನಲಿ-ಕಲಿ (ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ), ಇನ್ನೊಬ್ಬರು ನಾಲ್ಕು ಮತ್ತು ಐದನ್ನು ನೋಡಿಕೊಳ್ಳುವುದು ರೂಢಿ. ನಾಲ್ಕು–ಐದರ ಕೋಣೆಯಲ್ಲಿ ವೇಳಾಪಟ್ಟಿ ಬರೆಯುವಾಗ ಒಂದೇ ವಿಷಯವನ್ನು ಎರಡೂ ತರಗತಿಗೆ ಒಂದೇ ಹೊತ್ತಿಗೆ ಇಡಿ. ಅಲ್ಲಿ ಗಣಿತ, ಇಲ್ಲಿ ಕನ್ನಡ ಎಂದು ಇಟ್ಟರೆ ನಿಮ್ಮ ತಲೆಯೂ ಎರಡಾಗುತ್ತದೆ.

40 ನಿಮಿಷದ ಎರಡು ಅವಧಿಗಳನ್ನು ಜೋಡಿಸಿಕೊಂಡರೆ ಹೀಗೆ ನಡೆಸಬಹುದು. ಮೊದಲ ಹತ್ತು ನಿಮಿಷ ಇಬ್ಬರಿಗೂ ಸೇರಿ ಬಾಯಿಲೆಕ್ಕ. ಮುಂದಿನ ಇಪ್ಪತ್ತೈದು ನಿಮಿಷ ಐದನೆಯವರಿಗೆ ಪಾಠ, ನಾಲ್ಕನೆಯವರು ನಿನ್ನೆಯ ಲೆಕ್ಕಗಳನ್ನು ಜೋಡಿಯಲ್ಲಿ ಬಿಡಿಸುತ್ತಾರೆ. ಆಮೇಲೆ ಅದಲು ಬದಲು. ಕೊನೆಯ ಇಪ್ಪತ್ತು ನಿಮಿಷ ನೀವು ಯಾರಿಗೂ ಪಾಠ ಮಾಡದೆ, ತಡವರಿಸುವ ಐದಾರು ಮಕ್ಕಳ ನಡುವೆ ನೆಲದ ಮೇಲೆ ಕುಳಿತುಕೊಳ್ಳುತ್ತೀರಿ. ಈ ಇಪ್ಪತ್ತು ನಿಮಿಷವನ್ನು ಏನೇ ಆದರೂ ಬಿಟ್ಟುಕೊಡಬೇಡಿ.

ಸ್ವಂತ ಕೆಲಸದ ಚೀಟಿಗಳನ್ನು ರಜೆಯಲ್ಲೇ ತಯಾರಿಸಿಕೊಂಡರೆ ಮಾತ್ರ ಇದು ಸಾಧ್ಯ. ಹಳೆಯ ಮದುವೆ ಕರೆಯೋಲೆಗಳ ಹಿಂಬದಿ ಇದಕ್ಕೆ ಹೇಳಿಮಾಡಿಸಿದಂತಿದೆ: ಗಟ್ಟಿ ಕಾಗದ, ಬೇಗ ಹರಿಯುವುದಿಲ್ಲ. ವಿಷಯಕ್ಕೆ ಮೂವತ್ತು ಚೀಟಿ ಬರೆದಿಟ್ಟರೆ ಮೊದಲ ಎರಡು ತಿಂಗಳು ನಿಶ್ಚಿಂತೆ.

ಹೆಜ್ಜೆ 7: ನಲಿ-ಕಲಿ ಕೋಣೆ

1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಮಾದರಿಯನ್ನು ನೋಡಿ ಬಂದು ಕಟ್ಟಿದ ಪದ್ಧತಿ ಇದು, 2009-10ರಿಂದ ರಾಜ್ಯವಿಡೀ ಬಂತು. ಕಲಿಕಾ ಏಣಿ (ಕಲಿಕೆಯ ಮೆಟ್ಟಿಲುಗಳ ಪಟ್ಟಿ), ಮೈಲಿಗಲ್ಲು (ಕೆಲವು ಮೆಟ್ಟಿಲುಗಳ ಗುಂಪು), ಕಾರ್ಡು, ಮಕ್ಕಳು ಕೂರುವ ಗುಂಪನ್ನು ಸೂಚಿಸುವ ತಟ್ಟೆಗಳ ಮೇಲೆ ಇಡೀ ತರಗತಿ ನಿಂತಿರುವುದರಿಂದ ಒಂದು ಕಾರ್ಡು ಕಳೆದರೂ ಆ ಮೆಟ್ಟಿಲಿನಲ್ಲಿ ಮಗು ನಿಂತುಬಿಡುತ್ತದೆ. ಆದ್ದರಿಂದ ಕಾರ್ಡುಗಳನ್ನು ಏಣಿಯ ಕ್ರಮದಲ್ಲಿ ನೆಲದ ಮೇಲೆ ಹರಡಿ ಎಣಿಸಿ. ಇಲಿ ಕಡಿದದ್ದು, ಕಳೆದದ್ದು ಯಾವುದೆಂದು ಪಟ್ಟಿ ಮಾಡಿ, ಪಕ್ಕದ ಶಾಲೆಯಿಂದ ತಂದು ಕೈಯಲ್ಲೇ ನಕಲು ಮಾಡಿ. ಮಕ್ಕಳ ಕೆಲಸ ತೂಗು ಹಾಕಲು ತಲೆಯ ಮೇಲೆ ಕಟ್ಟಿದ ಚಪ್ಪರದ ದಾರ ಬದಲಿಸಿ, ಆದರೆ ಅದಕ್ಕೆ ಏನನ್ನೂ ತೂಗು ಹಾಕಬೇಡಿ. ಮೊದಲ ವಾರ ಮಕ್ಕಳೇ ಬರೆದದ್ದು, ಕತ್ತರಿಸಿದ್ದು ಅಲ್ಲಿ ತೂಗಲಿ. ನೆಲಮಟ್ಟದ ಗೋಡೆ ಹಲಗೆಗೆ ಹೊಸ ಬಣ್ಣ, ಮಗುವಿಗೊಂದು ಚೌಕ ಇದ್ದರೆ ಸಾಕು.

ಪೋಷಕರ ಒಂದು ದೂರಿಗೆ ಉತ್ತರ ಸಿದ್ಧವಿರಲಿ: ‘ಎರಡು ತಿಂಗಳಾಯಿತು, ಇನ್ನೂ ಅ ಆ ಇ ಈ ಹೇಳಲು ಬರುವುದಿಲ್ಲ.’ ಇಲ್ಲಿ ಅಕ್ಷರಗಳು ರ, ಗ, ಸ, ದ, ಅ ಎಂಬ ಕ್ರಮದಲ್ಲಿ ಬರುತ್ತವೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅವರಿಗೆ ಸಮಾಧಾನವಾಗದು. ಮಗುವನ್ನೇ ಕರೆದು ಆ ಐದು ಅಕ್ಷರಗಳಲ್ಲಿ ಸರ, ದರ, ಅರಸ, ಅಗಸ, ಗರಗಸ ಎಂದು ಓದಿಸಿ ತೋರಿಸಿ. ವರ್ಣಮಾಲೆಯ ಕ್ರಮ ಹಿಡಿದರೆ ‘ರ’ ಸಿಗಲು ಎಷ್ಟು ದಿನ ಕಾಯಬೇಕು ಎಂಬುದು ಆಗ ಅವರಿಗೇ ಹೊಳೆಯುತ್ತದೆ.

ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು, ಸೋಲಿಗ ಮಾತನಾಡುವ ಮಕ್ಕಳಿದ್ದರೆ ಅವರ ಭಾಷೆಯ ಇಪ್ಪತ್ತು ಪದಗಳನ್ನು ನೀವು ಕಲಿಯಿರಿ. ನೀರು, ಊಟ, ನೋವು, ಬಾ, ಕೂರು, ಅಮ್ಮ, ಹೆದರಬೇಡ. ಊರಿನ ದೊಡ್ಡ ಹುಡುಗಿಯೊಬ್ಬಳು ಅರ್ಧ ಗಂಟೆಯಲ್ಲಿ ಹೇಳಿಕೊಡುತ್ತಾಳೆ. ಆರು ವರ್ಷದ ಮಗು ಹೊಟ್ಟೆನೋವನ್ನು ತನ್ನ ಮಾತಿನಲ್ಲಿ ಹೇಳಿದಾಗ ಎದುರಿಗಿದ್ದವರಿಗೆ ಅರ್ಥವಾದರೆ, ಅದು ನಾಳೆಯೂ ಶಾಲೆಗೆ ಬರುತ್ತದೆ.

ಹೆಜ್ಜೆ 8: ಮೊದಲ ಮೂರು ದಿನ

ಪಠ್ಯಪುಸ್ತಕ ಬಂದಿದ್ದರೂ ಮೊದಲ ದಿನ ತೆರೆಯಬೇಡಿ. ಮೂರು ದಿನಗಳಲ್ಲಿ ಎಲ್ಲ ಮಕ್ಕಳ ಹೆಸರು ನಿಮ್ಮ ನಾಲಿಗೆಗೆ ಬರಬೇಕು. ಹಾಜರಿಯಲ್ಲಿ ಇರುವುದು ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು. ಒಂದನೆಯ ತರಗತಿಯ ಮಗುವಿಗೆ ತನ್ನ ಹಾಜರಿ ಹೆಸರೇ ಗೊತ್ತಿರುವುದಿಲ್ಲ. ಎರಡನ್ನೂ ಬರೆದುಕೊಳ್ಳಿ. ಅಳುವ ಮಗುವಿನ ತಾಯಿ ಎರಡು ದಿನ ಒಳಗೆ ಕುಳಿತರೆ ಏನೂ ಮುಳುಗುವುದಿಲ್ಲ.

ದೊಡ್ಡ ಮಕ್ಕಳ ಜೊತೆ ನಿಯಮಗಳನ್ನು ಮಾಡಿಕೊಳ್ಳಿ, ನಾಲ್ಕೈದು ಸಾಕು. ಅವರ ಬಾಯಿಂದ ಬಂದದ್ದನ್ನು ಅವರ ಕೈಯಲ್ಲೇ ಬರೆಸಿ. ಹೊಡೆಯುವುದು, ಮನಸ್ಸು ನೋಯಿಸುವುದು ಎರಡನ್ನೂ ಕಾಯ್ದೆಯ 17ನೆಯ ಪ್ರಕರಣ ನಿಷೇಧಿಸಿದೆ. ‘ಕೋಲು ಈ ಕೋಣೆಯಲ್ಲಿ ಇರುವುದಿಲ್ಲ’ ಎಂಬುದನ್ನು ನೀವೇ ಮೊದಲ ದಿನ ಬಾಯಿ ಬಿಟ್ಟು ಹೇಳಿ. ಆಡುಮಾತನ್ನು ಯಾರೂ ಗೇಲಿ ಮಾಡಬಾರದು ಎಂಬುದೂ ನಿಯಮಗಳಲ್ಲಿ ಒಂದಾಗಿರಲಿ. ‘ಹಾಲು’ ಎಂಬುದನ್ನು ‘ಆಲು’ ಎಂದ ಮಗುವನ್ನು ನೋಡಿ ತರಗತಿ ಒಮ್ಮೆ ನಕ್ಕರೆ, ಅದು ಮತ್ತೆ ಗಟ್ಟಿಯಾಗಿ ಓದುವುದಿಲ್ಲ. ಬರೆಯುವಾಗ ‘ಹ’ ಬರಲಿ, ಮಾತು ಮನೆಯದಾಗಿರಲಿ.

ಇದೇ ದಿನಗಳಲ್ಲಿ ಬೋರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ನಾಲ್ಕು ಪದ ಬರೆದು, ಕೊನೆಯ ಸಾಲಿನಲ್ಲಿ ಪ್ರತಿಯೊಬ್ಬರನ್ನೂ ನಿಲ್ಲಿಸಿ ಓದಿಸಿ. ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ನೋಡಿ. ಇದು ವೈದ್ಯರ ಪರೀಕ್ಷೆಗೆ ಸಮನಲ್ಲ, ಆದರೆ ಯಾರನ್ನು ವೈದ್ಯರ ಬಳಿಗೆ ಕಳುಹಿಸಬೇಕೆಂದು ತಿಳಿಯುತ್ತದೆ.

ಹೆಜ್ಜೆ 9: ಸೇತುಬಂಧವನ್ನು ಕಾಟಾಚಾರಕ್ಕೆ ಮಾಡಬೇಡಿ

ಹೊಸ ಪಾಠಕ್ಕೆ ಮೊದಲು ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಕಾರ್ಯಕ್ರಮವೇ ಸೇತುಬಂಧ. ಅದರ ಪೂರ್ವ ಪರೀಕ್ಷೆಯನ್ನು ಇಡೀ ತರಗತಿಗೆ ಒಮ್ಮೆಗೇ ಬರೆಸಿ ಅಂಕ ತುಂಬಿದರೆ ತಿಳಿಯುವುದು ಅಲ್ಪ. ಪಕ್ಕದವರನ್ನು ನೋಡಿ ಬರೆಯುವುದನ್ನು ಮಕ್ಕಳು ಬೇಗ ಕಲಿತುಬಿಡುತ್ತಾರೆ. ಬರವಣಿಗೆಯ ಜೊತೆಗೆ ಪ್ರತಿ ಮಗುವಿನೊಡನೆ ಐದು ನಿಮಿಷ ಒಂಟಿಯಾಗಿ ಕುಳಿತುಕೊಳ್ಳಿ. 25 ಮಕ್ಕಳಿಗೆ ಎರಡು ಗಂಟೆ ಚಿಲ್ಲರೆ, ಮೂರು ದಿನಕ್ಕೆ ಹಂಚಿದರೆ ಭಾರವಲ್ಲ.

ಓದಿಗೆ ನಾಲ್ಕು ಚೀಟಿ ಇರಲಿ: ಬಿಡಿ ಅಕ್ಷರ ಮತ್ತು ಕಾಗುಣಿತ, ಒತ್ತಿಲ್ಲದ ಪದಗಳು, ಒತ್ತಕ್ಷರದ ಪದಗಳು, ಐದು ವಾಕ್ಯದ ಪುಟ್ಟ ಕತೆ. ‘ಅಮ್ಮ’, ‘ಅಕ್ಕ’ ಕೊಡಬೇಡಿ, ಅವು ಬಾಯಿಪಾಠವಾಗಿರುತ್ತವೆ. ‘ಕಟ್ಟಿಗೆ’, ‘ಬೆಲ್ಲ’ ಕೊಟ್ಟರೆ ಸಜಾತಿ ಒತ್ತು ಬರುತ್ತದೆಯೇ, ‘ರಸ್ತೆ’, ‘ಶಕ್ತಿ’ ಕೊಟ್ಟರೆ ವಿಜಾತಿ ಒತ್ತು ಬರುತ್ತದೆಯೇ ಗೊತ್ತಾಗುತ್ತದೆ. ‘ಸೂರ್ಯ’ದ ಅರ್ಕಾವೊತ್ತಿನಲ್ಲಿ ಐದನೆಯ ತರಗತಿಯವರೂ ಎಡವುತ್ತಾರೆ, ಗಾಬರಿಯಾಗಬೇಡಿ.

ಗಣಿತದಲ್ಲಿ ಉತ್ತರಕ್ಕಿಂತ ತಪ್ಪನ್ನು ಹೆಚ್ಚು ಗಮನವಿಟ್ಟು ಓದಿ. 52ರಿಂದ 27 ಕಳೆಯಲು ಕೊಟ್ಟಾಗ ಮಗು 35 ಎಂದು ಬರೆದರೆ, ಅದು ಲೆಕ್ಕವೇ ಬಾರದ ಮಗುವಲ್ಲ. 2ರಿಂದ 7 ಹೋಗದೆಂದು 7ರಿಂದ 2 ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕು ಎಂದು ನಾವೇ ಎಂದೋ ಹೇಳಿಕೊಟ್ಟದ್ದನ್ನು ನಿಷ್ಠೆಯಿಂದ ಪಾಲಿಸಿದೆ. ಆ ಮಗುವಿಗೆ ಬೇಕಾದದ್ದು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ, ಮತ್ತು ಒಂದು ಕಟ್ಟನ್ನು ತಾನೇ ಬಿಚ್ಚಿ ನೋಡುವ ಅವಕಾಶ. ನೂರ ಐದನ್ನು 1005 ಎಂದು ಬರೆಯುವ ಮಗು ಕೇಳಿದಂತೆಯೇ ಬರೆದಿದೆ: ನೂರು, ಆಮೇಲೆ ಐದು. ಅದಕ್ಕೆ ಸ್ಥಾನಬೆಲೆ ಬೇಕು, ಮತ್ತೆ ನೂರು ಸಂಖ್ಯೆ ಬರೆಯುವ ಶಿಕ್ಷೆಯಲ್ಲ.

ತಿಳಿದದ್ದನ್ನು ಮಗುವಿನ ಪುಟದಲ್ಲಿ ಬರೆಯಿರಿ. ‘ಗಣಿತದಲ್ಲಿ ಹಿಂದೆ’ ಎಂದಲ್ಲ, ‘ದಶಕಸಹಿತ ವ್ಯವಕಲನ ಬೇಕು, ಕೂಡುವುದು ಚೆನ್ನಾಗಿ ಬರುತ್ತದೆ’ ಎಂದು. ಒಂದೇ ಕೊರತೆಯಿರುವ ಮಕ್ಕಳನ್ನು ಸೇರಿಸಿದರೆ ಆರನೆಯ ಹೆಜ್ಜೆಯ ಆ ಇಪ್ಪತ್ತು ನಿಮಿಷದ ಗುಂಪು ತಾನಾಗಿ ಸಿದ್ಧವಾಗುತ್ತದೆ. ಸೇತುಬಂಧದ ಕೊನೆಯಲ್ಲಿ ಮಾಡುವ ಸಾಫಲ್ಯ ಪರೀಕ್ಷೆಯಲ್ಲೂ ದಾಟದಿದ್ದವರು ಇದ್ದೇ ಇರುತ್ತಾರೆ. ಸೇತುಬಂಧ ಮುಗಿದರೂ ಅವರ ಗುಂಪು ಮುಂದುವರಿಯಲಿ.

ಹೆಜ್ಜೆ 10: ಮನೆಯವರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ)

ಮೊದಲ ಪೋಷಕರ ಸಭೆಯನ್ನು ಜೂನ್‌ನಲ್ಲೇ ಕರೆಯಿರಿ, ಕೂಲಿಗೆ ಹೋಗುವವರು ಮರಳುವ ಹೊತ್ತು ನೋಡಿ ಸಂಜೆಗೆ ಇಡಿ. ದೂರು ಹೇಳಲು ಕರೆದರೆ ಎರಡನೆಯ ಸಭೆಗೆ ಯಾರೂ ಬರುವುದಿಲ್ಲ. ಪ್ರತಿ ಮಗುವಿನ ಬಗ್ಗೆ ಒಂದು ಒಳ್ಳೆಯ ಸಂಗತಿ, ಮನೆಯಲ್ಲಿ ಆಗಬೇಕಾದ ಒಂದು ಸಣ್ಣ ಕೆಲಸ ಇಷ್ಟನ್ನೇ ಹೇಳಿ. ಗುಳೆ ಹೋಗುವ ಕುಟುಂಬದವರ ಜೊತೆ ಮಾತ್ರ ಬೇರೆಯಾಗಿ ಕುಳಿತು, ಯಾವಾಗ ಹೊರಡುತ್ತಾರೆ, ಮಗುವನ್ನು ಅಜ್ಜಿಯ ಬಳಿ ಬಿಡಲು ಆಗುತ್ತದೆಯೇ, ಹೋಗುವ ಊರಿನಲ್ಲಿ ಶಾಲೆ ಇದೆಯೇ ಎಂದು ಈಗಲೇ ಕೇಳಿ. ಹೊರಡುವ ಹಿಂದಿನ ದಿನ ಕೇಳಿದರೆ ಪ್ರಯೋಜನವಿಲ್ಲ. ಎಸ್‌ಡಿಎಂಸಿ ಸಭೆಗೆ ‘ಶಾಲೆಗೆ ಸಹಾಯ ಬೇಕು’ ಎಂದು ಹೋಗಬೇಡಿ. ಕಾಂಪೌಂಡಿನ ಯಾವ ಮೂಲೆ ಬಿದ್ದಿದೆ, ಎಷ್ಟು ಇಟ್ಟಿಗೆ ಬೇಕು ಎಂದು ಬರೆದುಕೊಂಡು ಹೋಗಿ.

ಹೆಜ್ಜೆ 11: ಜೂನ್ ಕೊನೆಯ ಶನಿವಾರ

ಅಂದು ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೋಣೆಯಲ್ಲೇ ಉಳಿಯಿರಿ. ಹಾಜರಿ ಪುಸ್ತಕ ನೋಡದೆ, ನೆನಪಿನಿಂದ ಎಲ್ಲ ಮಕ್ಕಳ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ, ಈ ತಿಂಗಳು ಆ ಮಗುವಿನ ಬಗ್ಗೆ ನೀವು ಹೊಸದಾಗಿ ತಿಳಿದ ಒಂದು ಸಂಗತಿ ಬರೆಯಿರಿ. ಬರೆದು ಮುಗಿದ ಮೇಲೆ ಹಾಜರಿ ಪುಸ್ತಕಕ್ಕೆ ಹೋಲಿಸಿ. ಎರಡು ಮೂರು ಹೆಸರು ಬಿಟ್ಟುಹೋಗಿರುತ್ತವೆ, ಇನ್ನು ಕೆಲವು ಹೆಸರುಗಳ ಮುಂದೆ ಏನೂ ಇರುವುದಿಲ್ಲ. ಸಾಮಾನ್ಯವಾಗಿ ಅವು ತಂಟೆ ಮಾಡದ, ಮುಂದೆಯೂ ಇಲ್ಲದ, ಹಿಂದೆಯೂ ಇಲ್ಲದ, ಸದ್ದಿಲ್ಲದ ಮಕ್ಕಳ ಹೆಸರುಗಳು. ಸೋಮವಾರ ಬಿಸಿಯೂಟಕ್ಕೆ ನಿಮ್ಮ ತಟ್ಟೆ ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.